ಎರಡನೇ ಚೈನ್

ಪುಟ್ಟಸ್ವಾಮಿಯವರ ಲಾರಿಗೆ ಎರಡನೇ ಚೈನ್ ಹಾಕಿಸದೆ ಕಳಿಸಿದವನು ನಾನು. ಅವರು ಬೇಡ ಅನ್ನಲಿಲ್ಲ. ಬೇಡ ಅಂದರು ಎಂದು ಎಂಟು ವರ್ಷದಿಂದ ಎಲ್ಲರೂ ನಂಬಿದ್ದಾರೆ, ಅವರೂ ನಂಬಿದ್ದಾರೆ — ಆ ಸುಳ್ಳು ಹೇಳಿದವನೂ ನಾನೇ.

ಮೇಟಗಳ್ಳಿಯ ಒಂದು ಉಕ್ಕಿನ ಗೋದಾಮಿನಲ್ಲಿ ನಾನು ಲೋಡಿಂಗ್ ಸೂಪರ್‌ವೈಸರ್ ಆಗಿದ್ದೆ. ಅಲ್ಲಿಂದ ಸುತ್ತಲಿನ ಕಾರ್ಖಾನೆಗಳಿಗೆ ಕಾಯಿಲ್ ಹೋಗುತ್ತಿತ್ತು — ಉಕ್ಕಿನ ತಗಡನ್ನು ಚಾಪೆಯ ಹಾಗೆ ಬಿಗಿಯಾಗಿ ಸುತ್ತಿದ ಉರುಳೆ. ಆಳೆತ್ತರವೂ ಇರುವುದಿಲ್ಲ, ತೂಕ ಮಾತ್ರ ಹತ್ತು ಟನ್ನಿನ ಮೇಲೆ. ಲಾರಿಗೆ ಬ್ರೇಕ್ ಇದೆ, ಕಾಯಿಲ್‌ಗೆ ಇಲ್ಲ. ಲಾರಿ ನಿಂತರೂ ಅದು ಮುಂದಕ್ಕೇ ಹೊರಟಿರುತ್ತದೆ. ಮುಂದೆ ಇರುವುದು ಡ್ರೈವರ್‌ನ ಬೆನ್ನು. ಅದಕ್ಕೇ ಕೆಳಗೆ ಮರದ ತುಂಡು ಕೊಟ್ಟು, ಮೇಲೆ ಎರಡು ಚೈನ್ ಬಿಗಿಯಲೇಬೇಕು. ಇದನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನು ನಾನು. ಹೇಳುವುದರಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ.

ಕ್ರೇನ್ ಆಡುವಾಗ ಡ್ರೈವರ್ ಹತ್ತಿರ ಸುಳಿಯುವ ಹಾಗಿರಲಿಲ್ಲ. ಹಮಾಲಿಗಳು ಕಟ್ಟುತ್ತಿದ್ದರು. ನಾನು ಎರಡೂ ಚೈನ್ ಜಗ್ಗಿ ನೋಡಿ, ಲಾರಿಯ ಮೈಗೆ ಎರಡು ಸಲ ಬಡಿದು ‘ರೈಟ್’ ಅನ್ನುತ್ತಿದ್ದೆ. ಬಸ್ ಕಂಡಕ್ಟರ್ ಅನ್ನುವ ಅದೇ ರೈಟ್. ಆದರೆ ನಮ್ಮಲ್ಲಿ ಅದಕ್ಕೆ ಹೊರಡು ಎಂದಷ್ಟೇ ಅರ್ಥವಲ್ಲ — ನೋಡಿದ್ದೇನೆ, ಭದ್ರವಾಗಿದೆ ಎಂದೂ ಅರ್ಥ. ಆ ಒಂದು ಮಾತನ್ನು ನಂಬಿ ಡ್ರೈವರ್‌ಗಳು ಕಾಯಿಲ್‌ಗೆ ಬೆನ್ನು ಕೊಟ್ಟು ಕೂರುತ್ತಿದ್ದರು.

ಅಂದು ಬೆಳಿಗ್ಗೆ ಒಂದು ಚೈನ್ ಬಿಗಿದಾಗಿತ್ತು. ಎರಡನೆಯದರ ಕೊಕ್ಕೆ ಸವೆದಿತ್ತು. ನಾನೇ ಅದನ್ನು ಬಿಚ್ಚಿಸಿ, ಸ್ಟೋರಿನಿಂದ ಬೇರೆಯದನ್ನು ತರಲು ಆಳು ಕಳಿಸಿದೆ. ಹಿಂದಿನ ಲಾರಿಯವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಹತ್ತಡಿ ಮುಂದೆ ಹೋದರೆ ಅವನಿಗೆ ಜಾಗವಾಗುತ್ತದೆ ಎಂದು, ಪುಟ್ಟಸ್ವಾಮಿಯವರ ಲಾರಿಗೆ ಬಡಿದು ‘ರೈಟ್’ ಅಂದೆ. ಹತ್ತಡಿಗೆಂದು ಅಂದದ್ದು — ಆದರೆ ರೈಟ್‌ಗೆ ಅಳತೆ ಎಲ್ಲಿದೆ? ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ಕೈಯೆತ್ತಿ, ಹೊರಟೇಬಿಟ್ಟರು. ಗೇಟ್‌ಪಾಸ್‌ಗೆ ನಾನು ಮೊದಲೇ ಸಹಿ ಹಾಕಿಕೊಟ್ಟಿದ್ದೆ.

ಅಷ್ಟೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಲಾರಿ ಗೇಟು ದಾಟುವುದನ್ನು ನಾನು ನೋಡಿದೆ. ಜೇಬಿನಲ್ಲಿ ಫೋನ್ ಇತ್ತು, ಫೋನಿನಲ್ಲಿ ಅವರ ನಂಬರ್ ಇತ್ತು. ಒಂದು ಚೈನ್ ಇದೆಯಲ್ಲ, ಹತ್ತಿರವೇ ಅಲ್ಲವೇ — ಅಂದುಕೊಂಡು ಹಿಂದಿನ ಲಾರಿಯ ಕಡೆ ತಿರುಗಿದೆ.

ರಿಂಗ್ ರೋಡಿನಲ್ಲಿ ಒಂದು ಸ್ಕೂಟರ್ ಅಡ್ಡ ಬಂತಂತೆ. ಅವರು ಬ್ರೇಕ್ ಹಾಕಿದರು. ಸ್ಕೂಟರಿನ ಹೆಂಗಸು ಉಳಿದಳು. ಕಾಯಿಲ್ ಇದ್ದೊಂದು ಚೈನನ್ನು ಹರಿದುಕೊಂಡು ಕ್ಯಾಬಿನ್ನಿಗೆ ನುಗ್ಗಿತು. ಪುಟ್ಟಸ್ವಾಮಿಯವರ ಎಡಗಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆಯಬೇಕಾಯಿತು.

ಪ್ರಜ್ಞೆ ಬಂದ ಮೇಲೆ ಅವರಿಗೆ ಆ ಬೆಳಗಿನ ನೆನಪೇ ಇರಲಿಲ್ಲ. ಇಪ್ಪತ್ತು ವರ್ಷ ಲಾರಿಗೆ ಒಂದು ಗೀರು ಬೀಳದಂತೆ ಓಡಿಸಿದವರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು — “ಎಲ್ಡ್ನೇ ಚೈನು ಯಾಕಿರ್ಲಿಲ್ಲ ಸಾರ್? ನಂಗೊಂದೂ ನೆಪ್ಪಿಲ್ಲ.” ಪಕ್ಕದಲ್ಲಿ ಅವರ ಹೆಂಡತಿ ಜಯಮ್ಮ ನಿಂತಿದ್ದರು. ಸತ್ಯ ನನ್ನ ನಾಲಿಗೆಯ ಮೇಲೆಯೇ ಇತ್ತು. ಆದರೆ ನಾನು ಅಂದದ್ದು — “ನೀವೇ ಬೇಡ ಅಂದ್ರಿ ಪುಟ್ಟಸ್ವಾಮಿ. ಹತ್ರಾನೇ ಅಲ್ವಾ ಅಂದ್ರಿ.” ಗೇಟಿನ ಬಳಿ ನನ್ನ ಮನಸ್ಸು ಆಡಿದ ಮಾತನ್ನು ಅವರ ಬಾಯಿಗೆ ತುರುಕಿದೆ. ಕೆಲಸ ಹೋದೀತು, ಪೊಲೀಸರು ಬಂದಾರು ಎಂಬ ಭಯವಿತ್ತು, ನಿಜ. ಯಾರಿಗೆ ಇರುವುದಿಲ್ಲ?

ಜಯಮ್ಮ ಅಲ್ಲೇ ತಲೆ ಚಚ್ಚಿಕೊಂಡರು. “ಎಲ್ಡ್ ನಿಮ್ಷದ ಕೆಲ್ಸ ಕಣ್ರೀ! ಬೇಡ ಅಂದ್ಬುಟ್ರಲ್ಲ, ನಮ್ಮುನ್ನ ಒಂದ್ಸಲ ನೆನೆಸ್ಕೊಂಡಿದ್ರೆ ಆಯ್ತಿರ್ಲಿಲ್ವಾ?” ಪುಟ್ಟಸ್ವಾಮಿಯವರು ತಲೆ ತಗ್ಗಿಸಿದರು. ಆಮೇಲೆ ಎಂಟು ವರ್ಷ ಆ ಮನೆಯಲ್ಲಿ ಅವರು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಾಣೆ.

ಇನ್ನೂ ಇದೆ. ವರ್ಷಕ್ಕೊಮ್ಮೆ ಗೋದಾಮಿನ ಸುರಕ್ಷತಾ ದಿನಕ್ಕೆ ಅವರನ್ನು ಕರೆಸುತ್ತಿದ್ದೆವು. ಊರುಗೋಲಿನ ಮೇಲೆ ನಿಂತು ಅವರು ನನ್ನ ಕಡೆ ತೋರಿಸುತ್ತ ಹೊಸ ಡ್ರೈವರ್‌ಗಳಿಗೆ ಹೇಳುತ್ತಿದ್ದರು — “ನನ್ ಸೋಮಾರಿತನಕ್ಕೆ ನನ್ ಕಾಲು ಹೋಯ್ತು ಕಣ್ರಪ್ಪಾ. ಅಂತೋಣಿ ಸಾರ್ ಹೇಳ್ದಂಗೆ ಕೇಳಿ.” ಮಾಡದ ತಪ್ಪನ್ನು ಅವರು ಒಪ್ಪಿಕೊಳ್ಳುತ್ತಿದ್ದರು; ಮಾಡಿದ ನಾನು ಪಕ್ಕದಲ್ಲಿ ಮೈಕ್ ಹಿಡಿದು ನಿಲ್ಲುತ್ತಿದ್ದೆ. ಮಾತು ಮುಗಿದ ಮೇಲೆ — ಹೌದು, ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ್ದೇನೆ. ನನಗೆ ನಾಚಿಕೆಯಾಗುತ್ತದೆ ಎಂದರೆ ಆ ಮಾತಿಗೇ ನಾಚಿಕೆಯಾದೀತು.

ನಿವೃತ್ತನಾದ ಮೇಲೆ, ಈ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಚರ್ಚಿನಲ್ಲಿ ಪಾಪನಿವೇದನೆ ಮಾಡಿದೆ. ಫಾದರ್ ಎಲ್ಲ ಕೇಳಿ, “ದೇವರಿಗೆ ಹೇಳಿದ್ದಾಯ್ತು. ಕಾಲು ಹೋದದ್ದು ದೇವರದ್ದಲ್ವಲ್ಲ, ಅವರಿಗೂ ಹೇಳಿ” ಅಂದರು.

ಹೋದ ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ಅವರ ಮನೆಗೆ ಹೋದೆ. ಸವೆದ ಕೊಕ್ಕೆ, ಹತ್ತಡಿಯ ರೈಟ್, ಮಾಡದ ಫೋನ್, ಆಸ್ಪತ್ರೆಯ ಸುಳ್ಳು — ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆ, ಊರುಗೋಲು ಎತ್ತುತ್ತಾರೆ ಅಂದುಕೊಂಡಿದ್ದೆ. ಎತ್ತಲಿ ಎಂದೇ ಬಯಸಿದ್ದೆ.

ಪುಟ್ಟಸ್ವಾಮಿಯವರು ನಕ್ಕರು. “ನನ್ ಸಮಾಧಾನಕ್ಕೆ ಇಂಗೆಲ್ಲಾ ಹೇಳ್ಬ್ಯಾಡಿ ಸಾರ್. ನಂಗೀಗ ಚೆನ್ನಾಗ್ ನೆಪ್ಪೈತೆ. ನಾನೇ ಅಂದಿದ್ದು, ಹತ್ರಾನೇ ಅಲ್ವಾ ಅಂತ. ನೀವು ಹಾಕ್ಸ್ಕೊಳ್ಳಿ ಅಂದ್ರಿ, ನಾನ್ ಕೇಳ್ನಿಲ್ಲ.”

“ಇಲ್ಲ ಪುಟ್ಟಸ್ವಾಮಿ, ಆಣೆಗೂ ನಾನೇ—” ಅಂದೆ. ಅವರು ನನ್ನ ಕೈ ಹಿಡಿದು ತಟ್ಟಿದರು. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಂಥಾ ದೊಡ್ ಮನ್ಸು ಸಾರ್ ನಿಮ್ದು. ಇವ್ರ ತಪ್ಪುನ್ನ ಮೈಮ್ಯಾಲ್ ಎಳ್ಕೊಂಡ್ ಬಂದಿದ್ದೀರಲ್ಲ” ಎಂದು ಒಳಗೆ ಹೋಗಿ ಟೀ ತಂದರು. ಕುಡಿದು ಬಂದೆ.

ಅವರ ತಲೆಯೊಳಗೆ ನಾನು ಇಟ್ಟದ್ದನ್ನು ತೆಗೆಯಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಇದನ್ನು ಬರೆದು ಸಹಿ ಹಾಕುತ್ತಿದ್ದೇನೆ. ನಾಳೆ ಜಯಮ್ಮನವರ ಕೈಗೆ ಕೊಟ್ಟು, ಅವರು ಓದಿ ಮುಗಿಸುವ ತನಕ ಅಲ್ಲೇ ಕೂರುತ್ತೇನೆ. ನಂಬದಿದ್ದರೆ ಮತ್ತೆ ಹೋಗುತ್ತೇನೆ. ನಂಬಿದ ದಿನ ಅವರಿಬ್ಬರೂ ನನ್ನನ್ನು ಬಾಗಿಲಿಗೂ ಸೇರಿಸಲಿಕ್ಕಿಲ್ಲ — ಸೇರಿಸದಿರಲಿ.