ಸಾಂಬ್ರಾಣಿ ಹೊಗೆ

ಎಪ್ಪತ್ತರ ದಶಕದಲ್ಲಿ ನಾವು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಚೊಚ್ಚಲ ಮಗಳು ಇನ್ನೂ ಕೈಗೂಸು. ಅವಳಿಗೆ ಎರೆಯುವ ಕೆಲಸ ಅತ್ತೆಯದು. ಎರೆದಾದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಕೂಸನ್ನು ಅದರ ಮೇಲೆ ಹಿಡಿದು ಹೊಗೆ ಕೊಡುವುದು ಎಲ್ಲರ ಮನೆಯ ಪದ್ಧತಿ. ನೆಗಡಿಯಾದರೆ ಹೊಗೆ ಇನ್ನಷ್ಟು, ಬಾಗಿಲು ಕಿಟಕಿ ಭದ್ರ. ನಾನು ಬಾಯಿ ತೆರೆದರೆ, "ನಿನ್ನೆ ಮೊನ್ನೆ ಬಂದೋಳು, ಸುಮ್ಕಿರು" ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಮಗಳಿಗೆ ಕೆಮ್ಮು ಹತ್ತಿತು. ಅತ್ತೆ ಎರಡು ಹೊತ್ತೂ ಹೊಗೆ ಹಾಕಿದರು. ಒಂದು ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆ ಗುಳಿ ಬೀಳುತ್ತಿತ್ತು. ಯಜಮಾನರು ಡ್ಯೂಟಿಯಲ್ಲಿದ್ದರು. ನಾವಿಬ್ಬರೇ ಸಿಕ್ಕ ರೈಲು ಹತ್ತಿ ಚಿತ್ರದುರ್ಗದ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ದಾರಿಯುದ್ದಕ್ಕೂ ನಾನು ಅತ್ತೆಯ ಮುಖ ನೋಡಲಿಲ್ಲ.

ಡಾಕ್ಟರು ಸುತ್ತಿದ ಬಟ್ಟೆ ಬಿಡಿಸಿದರು, ಕೂಸಿನ ತಲೆ ಮೂಸಿದರು. "ನ್ಯುಮೋನಿಯಾ. ಇಲ್ಲೇ ಇರ್ರಿ, ಇಂಜೆಕ್ಷನ್ ಕೊಡಬೇಕು. ಇನ್ಮೇಲೆ ಹೊಗೆ ಹಾಕಬ್ಯಾಡ್ರಿ ಅಮ್ಮಾ, ಎಳೇ ಎದೆ ತಡಿಯಲ್ಲ" ಎಂದರು. ಅತ್ತೆಗೂ ಹೇಳುವವರೊಬ್ಬರು ಸಿಕ್ಕರಲ್ಲ ಎಂದು ಆ ಸಂಕಟದಲ್ಲೂ ನನ್ನ ಹೊಟ್ಟೆ ತಣ್ಣಗಾಯಿತು.

ಊರಿಗೆಲ್ಲ ಎದುರುತ್ತರ ಕೊಡುವ ಅತ್ತೆ ಆಸ್ಪತ್ರೆಯ ಮೂಲೆಯಲ್ಲಿ ಕೂತುಬಿಟ್ಟರು. ಅನ್ನ ಸೇರಲಿಲ್ಲ. ಕೊನೆಗೆ ಕೂಸಿನ ಉಸಿರು ಹದಕ್ಕೆ ಬಂದು, ಅದು ಮೊಲೆ ಹಿಡಿದಾಗ ನಾನು ಗಳಗಳ ಅತ್ತುಬಿಟ್ಟೆ. ಅವರು ಅಲ್ಲಿಂದಲೇ ನೋಡುತ್ತಿದ್ದರು.

ಮನೆಗೆ ಹೊರಡುವ ದಿನ ಅತ್ತೆ ಡಾಕ್ಟರ ಎದುರು ಹೋಗಿ ನಿಂತರು.

"ಸ್ವಾಮೀ, ಒಂದು ಕೇಳ್ತೀನಿ. ಇವಳ ಗಂಡ ಹುಟ್ಟಾಕೆ ಮದ್ಲು ನಂಗೆ ಎರಡು ಹೆಣ್ಣುಕೂಸು ಇದ್ವು. ಅವಕ್ಕೂ ಹಿಂಗೇ ಪಕ್ಕೆ ಹೊಡ್ಕಂತಿತ್ತು. ಉಳೀಲಿ ಅಂತ ಜಾಸ್ತಿ ಹೊಗೆ ಹಾಕ್ದೆ. ಎರಡೂ ಹೋದ್ವು. ನಾನೇ ಕೊಂದ್ನಾ?"

ನಾನು ಮದುವೆಯಾಗಿ ಬಂದಾಗಿನಿಂದ ಆ ಮಕ್ಕಳ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

ಡಾಕ್ಟರು, "ಆಗ ಈ ಇಂಜೆಕ್ಷನ್ ನಮ್ಮ ಕಡೆ ಎಲ್ಲಿತ್ತಮ್ಮಾ" ಎಂದರು. ಅದು 'ಇಲ್ಲ' ಎಂಬ ಉತ್ತರವಲ್ಲ ಎಂದು ಅತ್ತೆಗೂ ತಿಳಿಯಿತು.

ರೈಲಿನಲ್ಲಿ ನಾನೇ ಕೂಸನ್ನು ಅವರ ಮಡಿಲಿಗೆ ಕೊಡಹೋದೆ. "ತಗಳ್ರಿ ಅತ್ತೆ" ಎಂದೆ.

"ಬ್ಯಾಡ ಕಣವ್ವ, ನನ್ನ ಕೈಗೆ ಕೊಡಬ್ಯಾಡ" ಎಂದು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಚಿಕ್ಕಜಾಜೂರು ಬರುವವರೆಗೂ ಹೊರಗೆ ತೆಗೆಯಲಿಲ್ಲ.