ಕಾಲಿಗೆ ನೀರು

ಗುಬ್ಬಿಯಲ್ಲಿ ಗುರುವಾರ ಅಂದರೆ ಮಾರ್ತಮ್ಮನ ದಿನ. ತುಮಕೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಊರಾಚೆ ಕುಷ್ಠರೋಗಿಗಳ ಗುಡಿಸಲುಗಳ ನಡುವಿನ ಹುಣಸೆಮರದಡಿ ಬೇಸಿನ್ ಇಟ್ಟು ಕೂತಳೆಂದರೆ, ಅಷ್ಟೂ ಜನರ ಕಾಲುಹುಣ್ಣು ತೊಳೆದು ಬ್ಯಾಂಡೇಜು ಸುತ್ತಿಯೇ ಏಳುವವಳು. ಒಂಬತ್ತು ವರ್ಷದಲ್ಲಿ ಒಂದು ಗುರುವಾರ ತಪ್ಪಿಸಿದ್ದರೆ ಕೇಳಿ! ನಮ್ಮಂಥವರು ಮೂಗು ಮುಚ್ಚಿಕೊಂಡು ದಾಟುವ ಜಾಗವದು, ಸುಮ್ಮನೆ ಮಾತೇ?

ಆದರೂ ಅವಳ ಪಾಲಿಗೆ ಇದು ಬರೀ ನರ್ಸ್ ಕೆಲಸ. ದೇವರ ಕರೆ ಬೇರೆಯೇ ಇದೆ ಎಂಬ ನಂಬಿಕೆ. ಹದಿನಾರರಿಂದಲೂ ಕನ್ಯಾಸ್ತ್ರೀಯಾಗುವ ಆಸೆ. ಅಪ್ಪ ತೀರಿಕೊಂಡರು, ಮೂವರು ತಂಗಿಯರು ತಲೆಗೆ ಬಿದ್ದರು. ಕೊನೆಯವಳನ್ನು ಕುಣಿಗಲ್ಲಿಗೆ ಮದುವೆ ಮಾಡಿ ಕೊಡುವಷ್ಟರಲ್ಲಿ ಇವಳಿಗೆ ಮೂವತ್ತನಾಲ್ಕು. ಕೇಳಿದ ಕಡೆಯೆಲ್ಲ ವಯಸ್ಸಾಯಿತು ಎಂದರು. ಕೊನೆಗೆ ಎಂಬತ್ತೊಂದನೇ ಇಸವಿಯಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವಾಗ ಬೆಂಗಳೂರಿನ ಒಂದು ಕಾನ್ವೆಂಟಿನವರು ಒಪ್ಪಿದರು: ಈಸ್ಟರ್ ಮಾರನೆಯ ದಿನ ಬನ್ನಿ, ತಪ್ಪಿದರೆ ಮತ್ತೆ ಅವಕಾಶವಿಲ್ಲ. ಮಾರ್ತಮ್ಮ ನಲವತ್ತು ದಿನ ಒಪ್ಪೊತ್ತು ಉಂಡು, ಮಂಡಿಯೂರಿ "ಹೋಗಲಾ ದೇವರೇ?" ಎಂದು ಕೇಳಿದಳು. ದೇವರು ತುಟಿ ಬಿಚ್ಚಲಿಲ್ಲ. ಇವಳು ಟ್ರಂಕು ತುಂಬಿಸಿದಳು.

ಈಸ್ಟರ್‌ಗೆ ಮೂರು ದಿನ ಮುಂಚಿನ ಪವಿತ್ರ ಗುರುವಾರ ಬಂತು. ಅಂದು ಸಂಜೆ ತುಮಕೂರಿನ ಚರ್ಚಿನಲ್ಲಿ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಫಾದರು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಅದನ್ನು ನೋಡಲು ನಾಲ್ಕರ ಬಸ್ಸು ಹಿಡಿಯಬೇಕು. ಕೊನೆಯ ಬ್ಯಾಂಡೇಜು ಕಟ್ಟಿ, "ಇನ್ಮೇಲೆ ಬೇರೆ ನರ್ಸ್ ಬರ್ತಾರೆ" ಎಂದಳು. ಬೆರಳುಗಳನ್ನೆಲ್ಲ ಕಳೆದುಕೊಂಡಿದ್ದ ಮುದುಕಿ ದೊಡ್ಡಗಂಗಮ್ಮ ಗುಡಿಸಲೊಳಗೆ ಹೋಗಿ, ಎರಡು ಅಂಗೈ ನಡುವೆ ಒತ್ತಿ ಹಿಡಿದು ಒಂದು ಚೊಂಬು ನೀರು ತಂದಳು.

"ಕಾಲ್ ನೀಡು ನರ್ಸಮ್ಮ."

"ಅಯ್ಯೋ, ಬೇಡ ಕಣವ್ವ, ಬಸ್ಸಿಗೆ ಹೊತ್ತಾಯ್ತು."

"ಒಂಬತ್ ವರ್ಸದಿಂದ ನಿಂಗೆ ಬಸ್ಸಿಗೆ ಹೊತ್ತೇ ಆಯ್ತದೆ. ಈ ಕೈ ಹಿಂಗಾದಾಗ್ನಿಂದ ಮನೆಗ್ ಬಂದೋರ್ಗೆ ಕಾಲಿಗ್ ನೀರ್ ಕೊಟ್ಟಿಲ್ಲ ಕಣವ್ವ. ಯಾರೂ ಇಸ್ಕಳಲ್ಲ. ನೀನೂ ಇಸ್ಕಳ್ನಿಲ್ಲ, ಬುಡು."

ಮಾರ್ತಮ್ಮನ ಮುಖ ಕಪ್ಪಿಟ್ಟಿತು. ನಿಜವೇ. ಅವರ ಕಾಲು ಹಿಡಿದಿದ್ದಳು, ಅವರ ಮನೆಯ ಒಂದು ಗುಟುಕು ನೀರು ಕುಡಿದಿರಲಿಲ್ಲ. ಪ್ರತಿ ಗುರುವಾರ ಬ್ಯಾಗಿನಲ್ಲಿ ತನ್ನದೇ ಬಾಟಲಿ. ರೋಗಕ್ಕೆ ಹೆದರಿ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಆದರೆ ನಿಜಕ್ಕೂ ಹೆದರಿಯೇ. ನಾಚಿಕೆಯಿಂದ ಕುಗ್ಗಿ, ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಬೆರಳಿಲ್ಲದ ಕೈ ಅವಳ ಪಾದಗಳನ್ನು ತಿಕ್ಕಿ ತೊಳೆದು, ಸೆರಗಿನಲ್ಲಿ ಒರೆಸುವಾಗ ಮಾರ್ತಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕರ ಬಸ್ಸು ಹೋಯಿತು, ಚರ್ಚಿನ ಪೂಜೆಯೂ ತಪ್ಪಿತು. ಕತ್ತಲಾಗುವಾಗ ಸಿಕ್ಕ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳು "ಹೋಗಲಾ?" ಎಂದು ಕೇಳುವುದನ್ನೇ ಬಿಟ್ಟಳು.

ಈಸ್ಟರ್ ಕಳೆದ ಗುರುವಾರ ಹೊಸ ನರ್ಸಿಗೆ ಕಾಯುತ್ತಿದ್ದವರ ಮುಂದೆ ಅದೇ ಮಾರ್ತಮ್ಮ ಬಂದು ನಿಂತಳು.

"ಹೋಗ್ನಿಲ್ವಾ ತಾಯಿ?" ದೊಡ್ಡಗಂಗಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

"ಬರಲ್ಲ ಅಂತ ಕಾಗದ ಬರೆದ್ಬಿಟ್ಟೆ." ಮಾರ್ತಮ್ಮ ಬೇಸಿನ್ ಕೆಳಗಿಟ್ಟು ಬೆವರು ಒರೆಸಿಕೊಂಡಳು. "ಏನ್ ಬಿಸಿಲವ್ವ! ಕುಡಿಯಕ್ಕೆ ಒಂದ್ ಚೊಂಬು ನೀರ್ ಕೊಡು."