ಕಡೆಯ ನುಡಿ ನುಂಗಿದ ಗೆರೆ

ಕಬ್ಬೂರಿನ ಕಸ್ತೂರೆವ್ವ ಡೊಳ್ಳಿನ ಪದ ಹಾಡುವವಳು. ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತ ಹಿಮ್ಮೇಳದಲ್ಲಿ ತಾಳ ಬಾರಿಸುವವನು ನಾನು, ಬಾಳಾಸಾಬ. ಹಾಗಾಗಿ ಈಗ ಹೇಳುವುದನ್ನು ನಾನು ಸಿಟ್ಟಿಲ್ಲದೆ ಹೇಳುತ್ತೇನೆಂದು ಯಾರೂ ತಿಳಿಯಬಾರದು.

ಅವಳಿಗೆ ಓದು ಬರಹ ಬಾರದು. ಗಂಡ ಮಲಕಾರಿಗೂ ಬರುತ್ತಿರಲಿಲ್ಲ. ಅವನು ಕುರಿಗಳ ಹಿಂದೆ ಅಡ್ಡಾಡುತ್ತ ಪದ ಕಟ್ಟುತ್ತಿದ್ದ. ಸಂಜೆ ಅವನು ಹೇಳಿದ್ದನ್ನು ಇವಳು ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡುತ್ತಿದ್ದಳು. ಇವಳು ತಪ್ಪಿದರೆ ಅವನು ಬೈಯುತ್ತಿದ್ದ. ಅವನು ತಪ್ಪಿದರೆ ಇವಳ ಬೈಗುಳ ಓಣಿಗೆಲ್ಲ ಕೇಳುತ್ತಿತ್ತು. ಹೋದ ವರ್ಷ ಮಲಕಾರಿ ತೀರಿಕೊಂಡ. ಈಗ ಅವನ ಪದಗಳು ಇರುವುದು ಅವಳ ಗಂಟಲಿನಲ್ಲಿ ಮಾತ್ರ.

ನಮ್ಮ ಮೇಳಗಳಲ್ಲಿ ಒಂದು ಕಟ್ಟಳೆ ಇದೆ. ಪದದ ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಅದನ್ನು ಕಟ್ಟಿದವನ ಊರು, ಹೆಸರು ಬರಬೇಕು. ಯಾರೇ ಹಾಡಲಿ, ಆ ನುಡಿಯನ್ನು ಬಿಡುವಂತಿಲ್ಲ. ಹೆಸರು ಬಂದದ್ದೇ ತಡ, ಡೊಳ್ಳು, ತಾಳ, ಕಂಠ ಎಲ್ಲವೂ ಒಂದೇ ಪೆಟ್ಟಿಗೆ ನಿಲ್ಲಬೇಕು. ಕಡೆಯ ನುಡಿ ಇಲ್ಲದ ಪದ ಬೇವಾರಸಿ. ಅದಕ್ಕೆ ಯಾರು ಬೇಕಾದರೂ ತಮ್ಮ ಹೆಸರು ಕೂಡಿಸಿಕೊಳ್ಳಬಹುದು.

"ನಾ ಹ್ವಾದ ಮ್ಯಾಲ ಅಂವನ ಹೆಸರ ಹೇಳವ್ರ ಯಾರೋ ತಮ್ಮಾ?" ಎಂದು ಅವಳು ಕೇಳಿದ್ದಕ್ಕೇ ನಾವು ಚಿಕ್ಕೋಡಿಗೆ ಹೋಗಿ ನಿತಿನನ ಸ್ಟುಡಿಯೋದಲ್ಲಿ ಪದ ರೆಕಾರ್ಡ್ ಮಾಡಿಸಿದೆವು. ಅವಳು ಕಣ್ಣು ಮುಚ್ಚಿ ಹಾಡಿದಳು. ಕಡೆಗೆ "ಕಬ್ಬೂರ ಮಲಕಾರಿ" ಎಂದಾಗ ಧ್ವನಿ ಸ್ವಲ್ಪ ನಡುಗಿತು, ಆದರೆ ತಾಳ ತಪ್ಪಲಿಲ್ಲ. ನಿತಿನ ಹೆಬ್ಬೆರಳೆತ್ತಿ ತೋರಿಸಿದ.

ಪದ ಯೂಟ್ಯೂಬಿಗೆ ಬಂತು. ಕಸ್ತೂರೆವ್ವ ಮೊಮ್ಮಗಳ ಮೊಬೈಲಿನಲ್ಲಿ ದಿನಾ ಕೇಳುತ್ತಿದ್ದಳು. ಕಡೆಯ ನುಡಿ ಬರುವ ಹೊತ್ತಿಗೆ ಧ್ವನಿ ಸಣ್ಣದಾಗುತ್ತ ಹೋಗಿ ಅಡಗಿಬಿಡುತ್ತಿತ್ತು. ಪಾಪ, ಅವಳು ಮೊಬೈಲಿನ ಚಾರ್ಜು ಮುಗಿಯಿತೆಂದು ತಿಳಿದಳು. ನೆಟ್‌ವರ್ಕ್ ಇಲ್ಲವೆಂದು ಮಾಳಿಗೆ ಹತ್ತಿ ಕೇಳಿದಳು. ಅಲ್ಲಿಯೂ ಅಷ್ಟೇ. ಹಾಡುವವರು ಬದುಕಿರುವಾಗ ಅವರ ಹಾಡನ್ನು ಯಾರಾದರೂ ಬೇಕೆಂದೇ ಅಡಗಿಸುತ್ತಾರೆಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಹೋದ ತಿಂಗಳು ಐಗಳಿಯಲ್ಲಿ ನಮ್ಮ ಬೀಗರ ಮನೆಯ ವಾಸ್ತುಶಾಂತಿ ಇತ್ತು. ಊಟವಾದ ಮೇಲೆ ಆ ಊರಿನ ಮಾಳಸಿದ್ದ ಎಂಬ ಹುಡುಗನ ಮೇಳ ಹಾಡಲು ಕುಳಿತಿತು. ಎತ್ತಿಕೊಂಡದ್ದು ನಮ್ಮದೇ ಪದ. ಕಸ್ತೂರೆವ್ವನ ಮುಖ ಅರಳಿತು. ಕಡೆಯ ನುಡಿಯಲ್ಲಿ ಮಾಳಸಿದ್ದ "ಐಗಳಿ ಮಾಳಸಿದ್ದ" ಎಂದು ಹಾಡಿ ನಿಲ್ಲಿಸಿದ. ಜನ ಚಪ್ಪಾಳೆ ತಟ್ಟಿದರು, ನಾಲ್ಕಾರು ಮಂದಿ ಮೊಬೈಲಿನಲ್ಲಿ ತುಂಬಿಕೊಂಡರು.

ಕಸ್ತೂರೆವ್ವ ಎದ್ದು ನಿಂತಳು. "ಯಾರ ಪದಾ ಲೇ ಇದು?"

"ಮೊಬೈಲ್‌ನ್ಯಾಗ ಕೇಳಿ ಕಲ್ತೇನ್ರಿ ಯವ್ವಾ. ಕಡೀ ನುಡಿನ ಇರ್ಲಿಲ್ರಿ. ಹಾಡದವ್ರ ಹೆಸರೂ ಇರ್ಲಿಲ್ರಿ. ಬೇವಾರಸಿ ಅಂತ ತಿಳದು ನನ್ನ ಹೆಸರ ಕೂಡಿಸೇನ್ರಿ," ಎಂದ ಆ ಹುಡುಗ.

ಅವನಿಗೆ ಏನೆಂದು ಬೈಯುವುದು? ನಮ್ಮದೇ ಕಟ್ಟಳೆಯ ಪ್ರಕಾರ ಅವನದು ತಪ್ಪೇ ಅಲ್ಲ. ಎದ್ದು ನಿಂತವಳು ಹಾಗೇ ಕುಳಿತಳು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಇಬ್ಬರೂ ನಿತಿನನ ಸ್ಟುಡಿಯೋಕ್ಕೆ ಹೋದೆವು. ಅವನು ನಗುನಗುತ್ತಲೇ ಹೇಳಿದ: "ಅರೇ ಮಾವಶಿ, ಈಗ ಮಂದಿ ಪೂರ್ತಿ ಹಾಡ ಎಲ್ಲಿ ಕೇಳ್ತಾರ್ರಿ? ಒಮ್ಮೆಲೇ ನಿಂತ್ರ ಕಿವಿಗೆ ಹೊಡದಂಗ ಆಕ್ಕೈತ್ರಿ. ಅದಕ್ಕ ಕಡೀಕ ದನಿ ಸಣ್ಣ ಮಾಡಕೋಂತ ಹೋಗಿ ಫೇಡ್ ಔಟ್ ಕೊಟ್ಟೇನ್ರಿ."

"ಯಾರನ್ನ ಕೇಳಿ ಕೊಟ್ಟಿ?" ಎಂದು ನಾನು ಕೂಗಿದೆ.

ಅವನು ಕಂಪ್ಯೂಟರ್ ತೆರೆದು ತೋರಿಸಿದ. ಕಂಠಕ್ಕೊಂದು, ಡೊಳ್ಳಿಗೊಂದು, ತಾಳಕ್ಕೊಂದು ಪಟ್ಟಿ. ಎಲ್ಲ ಸೇರುವ ಕೆಳಗಿನ ಪಟ್ಟಿಯ ಮೇಲೆ ಒಂದು ತೆಳು ಗೆರೆ ಕೊನೆಯ ಹೊತ್ತಿಗೆ ಇಳಿಜಾರಾಗಿತ್ತು. ಏನೂ ಅಳಿದಿರಲಿಲ್ಲ. ಕಡೆಯ ನುಡಿ ಮೇಲಿನ ಪಟ್ಟಿಗಳಲ್ಲಿ ಪೂರ್ತಿ ಇತ್ತು, ಹೊರಗೆ ಬಾರದಂತೆ ಆ ಗೆರೆ ಅದನ್ನು ತುಳಿದಿತ್ತು. ಸಾಯುವ ತನಕ ಪದ ಕಟ್ಟಿದವನನ್ನು ಕೈ ಬೆರಳಾಡಿಸಿ ಎಳೆದ ಗೆರೆಯೊಂದು ಅನಾಥ ಮಾಡಿತ್ತು. ನಿತಿನ ಗೆರೆಯನ್ನು ಮೇಲೆಳೆದು ಪದ ಹಚ್ಚಿದ. "ಕಬ್ಬೂರ ಮಲಕಾರಿ" ಎಂದು ಕೋಣೆ ತುಂಬ ಕೇಳಿಸಿತು.

"ಅಂವಾ ಇಲ್ಲೇ ಅದಾನ. ನೀ ಬಾಯಿ ಮುಚ್ಚಿ ಕುಂದ್ರಿಸಿದ್ದಿ," ಎಂದಳು ಕಸ್ತೂರೆವ್ವ. ನಿತಿನನ ನಗು ಅಡಗಿತು. ಅಂದೇ ಪೂರ್ತಿ ಪದವನ್ನು ಹೊಸದಾಗಿ ಹಾಕಿದ.

ವಾರ ಕಳೆಯಿತು. ಹೊಸದಾಗಿ ಹಾಕಿದ ಪದದ ಕೆಳಗೆ ಮಂದಿ ಏನು ಬರೆದಿದ್ದಾರೆ ಓದೆಂದು ಅವಳು ನನಗೆ ಮೊಬೈಲು ಕೊಟ್ಟಳು. ಅಷ್ಟರಲ್ಲಿ ಮಂದಿ ಮೊಬೈಲಿನಲ್ಲಿ ತುಂಬಿಕೊಂಡಿದ್ದ ಮಾಳಸಿದ್ದನ ಹಾಡು ರಾಯಬಾಗ, ಅಥಣಿಯ ತನಕ ಹಬ್ಬಿತ್ತು. ಮೊದಲಿಗೇ ಇದ್ದದ್ದನ್ನು ಕಂಡು ನಾನು ಮೊಬೈಲನ್ನು ತಿರುಗಿ ಅವಳ ಕೈಗೆ ಕೊಡಹೋದೆ.

"ಓದೋ."

"ಬ್ಯಾಡ ವೈನಿ."

"ಓದಂದ್ನಿ."

ಓದಿದೆ. "ಐಗಳಿ ಮಾಳಸಿದ್ದನ ಪದಾ ಕದ್ದು ಯಾವನೋ ಕಬ್ಬೂರ ಮಲಕಾರಿ ಅಂತ ಹೆಸರ ಹಾಕ್ಯಾರ. ಕಳ್ಳರು. ನಾಚಿಕಿ ಆಗಬೇಕು."

ಈಗಿಂದೀಗ ಐಗಳಿಗೆ ಹೋಗೋಣ, ಪಂಚರನ್ನು ಕೂಡಿಸೋಣ, ಆ ನಿತಿನನನ್ನೂ ಎಳೆದುಕೊಂಡು ಹೋಗಿ ಎಲ್ಲರ ಮುಂದೆ ನಿಲ್ಲಿಸೋಣ ಎಂದು ನಾನು ಕೂಗಾಡಿದೆ. ಅವಳು ನನ್ನ ಮಾತು ಕೇಳುತ್ತಲೇ ಇರಲಿಲ್ಲ.

"ಮಲಕಾರಿ ಅಂತ ಬರದಾರಲ್ಲ?"

"ಬರದಾರ."

"ಕಬ್ಬೂರ ಅಂತನೂ?"

"ಹೂಂ."

"ಅಷ್ಟ ಇನ್ನೊಮ್ಮೆ ಓದು."